ಮೀನಿನ ತೊಟ್ಟಿಗೆ ಪಂಪು: ಅಶ್ವಶಕ್ತಿ ಕೇಳಬೇಡಿ, ಅಳತೆ ಕೇಳಿ

ಎತ್ತು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನೊಗ ಹೂಡಿ ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತೇವೆ. ಆದರೆ ಪಂಪು ಕೊಳ್ಳಲು ಅಂಗಡಿಗೆ ಹೋದಾಗ ನಮ್ಮಲ್ಲಿ ಬಹುಮಂದಿ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಎಚ್.ಪಿ.ದು ಇದೆ?" ಉತ್ತರ ಬಂದೊಡನೆ ಬೆಲೆಯ ಚೌಕಾಸಿ ಆರಂಭವಾಗುತ್ತದೆ. ನೀರನ್ನು ಎಷ್ಟು ಎತ್ತರಕ್ಕೆ ಎತ್ತಬೇಕು, ಗಂಟೆಗೆ ಎಷ್ಟು ಲೀಟರು ಬೇಕು ಎಂಬ ಮಾತೇ ಬರುವುದಿಲ್ಲ.

ಅಡಿಕೆ ತೋಟಕ್ಕೆ ನೀರು ಹಾಯಿಸುವಾಗ ಈ ತಪ್ಪು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ನೀರು ತುಸು ಹೆಚ್ಚಾದರೆ ಬಸಿಗಾಲುವೆಗೆ ಹೋಗುತ್ತದೆ, ಕಡಿಮೆಯಾದರೆ ಇನ್ನರ್ಧ ಗಂಟೆ ಓಡಿಸಿದರಾಯಿತು. ಆದರೆ ಶಿವಮೊಗ್ಗ, ಭದ್ರಾವತಿ ಸುತ್ತಿನಲ್ಲಿ ಮನೆಯ ಹಿತ್ತಲಲ್ಲಿ ತೊಟ್ಟಿ ಕಟ್ಟಿಸಿ ಅಲಂಕಾರಿಕ ಮೀನು ಸಾಕುವ, ನೀರನ್ನು ಸೋಸಿ ಮತ್ತೆ ಮತ್ತೆ ಬಳಸುವ ಕಸುಬಿಗೆ ಕೈಹಾಕುವವರಿಗೆ ಈ ತಪ್ಪಿನ ಬೆಲೆ ಬೇರೆ. ಇಲ್ಲಿ ಪಂಪು ಮೀನಿನ ಉಸಿರು. ಅದನ್ನು ಅಳತೆಯಿಲ್ಲದೆ ಕೊಂಡರೆ ಒಂದೋ ಮೀನು ಸಾಯುತ್ತದೆ, ಇಲ್ಲವೇ ವಿದ್ಯುತ್ ಬಿಲ್ಲು ರೈತನನ್ನು ಸಾಯಿಸುತ್ತದೆ. ಕೆಲವೊಮ್ಮೆ ಎರಡೂ ಆಗುತ್ತವೆ. ಈ ಮಾತನ್ನು ನಾನು ಪುಸ್ತಕ ಓದಿ ಬರೆಯುತ್ತಿಲ್ಲ, ಕೈ ಸುಟ್ಟುಕೊಂಡು ಬರೆಯುತ್ತಿದ್ದೇನೆ.

ಒಂದು ರಾತ್ರಿಯ ಪಾಠ

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಹಿಂದೆ ನಾಲ್ಕು ಮೀಟರು ಉದ್ದ, ಎರಡೂವರೆ ಮೀಟರು ಅಗಲದ ಸಿಮೆಂಟು ತೊಟ್ಟಿ ಕಟ್ಟಿಸಿದೆ. ಒಂದು ಮೀಟರು ನೀರು ನಿಲ್ಲಿಸಿದರೆ 10,000 ಲೀಟರು. ಪಕ್ಕದಲ್ಲೇ ಎತ್ತರದ ಕಟ್ಟೆಯ ಮೇಲೆ ಇಟ್ಟಿಗೆಯ ಚಿಕ್ಕ ಫಿಲ್ಟರ್ ತೊಟ್ಟಿ. ಅದರೊಳಗೆ ಜಲ್ಲಿ, ಅದರ ಮೇಲೆ ಹಳೆಯ ನೈಲಾನ್ ಬಲೆಯ ತುಂಡುಗಳು. ತೊಟ್ಟಿಯ ಕೊಳೆ ನೀರನ್ನು ಪಂಪು ಮೇಲಕ್ಕೆ ಎತ್ತಬೇಕು, ಫಿಲ್ಟರಿನಿಂದ ಸೋಸಿದ ನೀರು ತಾನಾಗಿ ತೊಟ್ಟಿಗೆ ಇಳಿಯಬೇಕು. ಮೂರು ನೂರು ಗೋಲ್ಡ್‌ಫಿಶ್ ಮರಿಗಳನ್ನು ಬಿಟ್ಟೆ.

ಪಂಪಿಗಾಗಿ ಪೇಟೆಗೆ ಹೋದೆ. ಅಂಗಡಿಯವರು ತೊಟ್ಟಿಯ ಉದ್ದಗಲ ಕೇಳಲಿಲ್ಲ, ನಾನೂ ಹೇಳಲಿಲ್ಲ. "ಮೀನಿನ ತೊಟ್ಟಿಗಾ ಯಜಮಾನ್ರೇ? ಒಂದು ಎಚ್.ಪಿ. ಮೋನೋಬ್ಲಾಕ್ ಹಾಕಿಬಿಡಿ, ಮತ್ತೆ ತಿರುಗಿ ನೋಡೋ ಹಾಗೇ ಇಲ್ಲ" ಎಂದರು. ತೋಟದಲ್ಲಿ ಐದು ಎಚ್.ಪಿ. ಓಡಿಸುವ ನನಗೆ ಒಂದು ಎಚ್.ಪಿ. ಬಹಳ ಚಿಕ್ಕದೆಂದೇ ತೋರಿತು. ತಂದು ಕೂರಿಸಿದೆ.

ಎರಡು ತಿಂಗಳು ನಡೆಯಿತು. ಬಿಲ್ಲು ನೋಡಿ ಎದೆ ಒಡೆದರೂ ಮೀನು ಬೆಳೆಯುತ್ತಿದ್ದುದರಿಂದ ಸುಮ್ಮನಿದ್ದೆ. ಆಷಾಢದ ಒಂದು ರಾತ್ರಿ ಗಾಳಿಮಳೆಗೆ ಹನ್ನೊಂದು ಗಂಟೆಗೆ ಕರೆಂಟು ಹೋಯಿತು. ಬೆಳಗಿನ ಜಾವ ನಾಲ್ಕಕ್ಕೆ ಬಂತು. ಪಂಪು ಓಡುವ ಸದ್ದು ಕೇಳಿ ನಿಶ್ಚಿಂತೆಯಿಂದ ಮಗ್ಗುಲಾದೆ. ಆದರೆ ಆ ಐದು ಗಂಟೆಯಲ್ಲಿ ಫುಟ್‌ವಾಲ್ವು ಸೋರಿ ಪೈಪಿನ ನೀರೆಲ್ಲ ಕೆಳಗಿಳಿದಿತ್ತು. ಪಂಪು ನೀರು ಹಿಡಿಯದೆ ಒಣಗಿ ಓಡಿ ಸೀಲು ಸುಟ್ಟುಕೊಂಡಿತ್ತು. ಬೆಳಿಗ್ಗೆ ನೋಡಿದರೆ ಅರ್ಧಕ್ಕಿಂತ ಹೆಚ್ಚು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಉಳಿದವು ನೀರಿನ ಮೇಲೆ ಬಾಯಿ ತೆರೆದು ಗಾಳಿಗೆ ಒದ್ದಾಡುತ್ತಿದ್ದವು.

ಅಂಗಡಿಯವರನ್ನು ದೂರುವುದು ಸುಲಭ. ಆದರೆ ಅವರು ಕೊಟ್ಟ ಪಂಪು ಕೆಟ್ಟದ್ದಲ್ಲ. ಅದು ಬೇರೆ ಕೆಲಸಕ್ಕಾಗಿ ಮಾಡಿದ ಪಂಪು. ನನ್ನ ಕೆಲಸ ಯಾವುದೆಂದು ಅಳೆದು ಹೇಳದಿದ್ದುದು ನನ್ನ ತಪ್ಪು.

ತೋಟದ ಪಂಪು ಬೇರೆ, ತೊಟ್ಟಿಯ ಪಂಪು ಬೇರೆ

ತೋಟದ ಪಂಪು ಆಳದಿಂದ ನೀರು ಎತ್ತಿ ದೂರಕ್ಕೆ ದೂಡುತ್ತದೆ. ದಿನಕ್ಕೆ ಕೆಲವು ಗಂಟೆ ಮಾತ್ರ ಓಡುತ್ತದೆ. ಒಂದು ದಿನ ನಿಂತರೆ ಅಡಿಕೆ ಮರ ಸಾಯುವುದಿಲ್ಲ. ತೊಟ್ಟಿಯ ಪಂಪು ಎತ್ತುವುದು ಆಳೆತ್ತರಕ್ಕೂ ಕಡಿಮೆ. ಆದರೆ ಹಗಲು ರಾತ್ರಿ, ಹಬ್ಬ ಹುಣ್ಣಿಮೆ ಎನ್ನದೆ ವರ್ಷವಿಡೀ ಓಡಬೇಕು. ಮೊದಲನೆಯದು ಉಳುವ ಎತ್ತಿನಂತೆ, ಎರಡನೆಯದು ಬಡಿಯುವ ಹೃದಯದಂತೆ.

ಲೆಕ್ಕಕ್ಕೆ ಒಂದು ಸುಲಭ ಸೂತ್ರವನ್ನು ನೆನಪಿಡಬೇಕು. ಗಂಟೆಗೆ ಸಾವಿರ ಲೀಟರು ನೀರನ್ನು ಒಂದು ಮೀಟರು ಎತ್ತರಕ್ಕೆ ಏರಿಸಲು ನೀರಿಗೆ ತಗಲುವ ಶಕ್ತಿ ಸುಮಾರು 2.7 ವಾಟ್. ಯಾವ ಪಂಪೂ ತಿಂದದ್ದನ್ನೆಲ್ಲ ಕೆಲಸಕ್ಕೆ ಕೊಡುವುದಿಲ್ಲ. ತೋಟದ ಒಳ್ಳೆಯ ಪಂಪ್‌ಸೆಟ್ಟು ಅರ್ಧದಷ್ಟು ಕೊಡುತ್ತದೆ ಎಂದೂ, ಚಿಕ್ಕ ಪಂಪು ಮೂರರಲ್ಲಿ ಒಂದು ಪಾಲು ಕೊಡುತ್ತದೆ ಎಂದೂ ಹಿಡಿಯೋಣ.

ತೋಟದಲ್ಲಿ ಗಂಟೆಗೆ 20,000 ಲೀಟರನ್ನು ಬಾವಿಯ ಆಳ, ದಿಬ್ಬ, ಪೈಪಿನ ಘರ್ಷಣೆ ಎಲ್ಲ ಸೇರಿ 30 ಮೀಟರು ಎತ್ತಬೇಕೆಂದುಕೊಳ್ಳಿ. 20ನ್ನು 30ರಿಂದ, ಅದನ್ನು 2.7ರಿಂದ ಗುಣಿಸಿದರೆ 1,620 ವಾಟ್. ಅದರ ಎರಡರಷ್ಟು 3,240 ವಾಟ್. ಒಂದು ಅಶ್ವಶಕ್ತಿಗೆ 746 ವಾಟ್ ಆದ್ದರಿಂದ ಇದು ನಾಲ್ಕೂಕಾಲು ಅಶ್ವಶಕ್ತಿಯ ಕೆಲಸ. ಐದು ಎಚ್.ಪಿ. ಸರಿ.

ಈಗ ನನ್ನ ತೊಟ್ಟಿಗೆ ಬನ್ನಿ. ಗಂಟೆಗೆ 10,000 ಲೀಟರು, ಎತ್ತರ ಎಲ್ಲ ಸೇರಿ ಎರಡು ಮೀಟರು. 10ನ್ನು 2ರಿಂದ, ಅದನ್ನು 2.7ರಿಂದ ಗುಣಿಸಿದರೆ 54 ವಾಟ್. ಅದರ ಮೂರರಷ್ಟು 162 ವಾಟ್. ಒಂದು ಅಶ್ವಶಕ್ತಿಯ ಕಾಲು ಭಾಗವೂ ಇಲ್ಲ! ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ ನಾನು ಒಂದು ಎಚ್.ಪಿ. ಕೂರಿಸಿದ್ದೆ.

ವಿಚಿತ್ರವೆಂದರೆ, ಅಷ್ಟು ದೊಡ್ಡ ಪಂಪು ನನಗೆ ಬೇಕಾದ ನೀರನ್ನೂ ಕೊಡುತ್ತಿರಲಿಲ್ಲ. 200 ಲೀಟರಿನ ಡ್ರಮ್ಮಿಗೆ ನೀರು ಬಿಟ್ಟು ಗಡಿಯಾರ ಹಿಡಿದು ನೋಡಿದ್ದೆ. ತುಂಬಲು 90 ಸೆಕೆಂಡು ಬೇಕಾಯಿತು. ಅಂದರೆ ಗಂಟೆಗೆ 8,000 ಲೀಟರು. ಏಕೆಂದರೆ ಅದು ಮನೆಯ ಮಹಡಿಯಂಥ ಎತ್ತರಕ್ಕೆ ಸ್ವಲ್ಪ ನೀರು ಏರಿಸಲು ಮಾಡಿದ ಪಂಪು, ಗಿಡ್ಡ ಎತ್ತರಕ್ಕೆ ಹೆಚ್ಚು ನೀರು ದೂಡಲು ಮಾಡಿದ್ದಲ್ಲ. ಇಂಥ ಪಂಪನ್ನು ತೀರ ಕಡಿಮೆ ಎತ್ತರದಲ್ಲಿ ಓಡಿಸಿದರೆ ಮೋಟಾರಿನ ಮೇಲೆ ಹೊರೆ ಹೆಚ್ಚಿ, ಹೆಚ್ಚು ಕರೆಂಟು ಎಳೆದು, ಬಿಸಿಯಾಗುತ್ತದೆ ಎಂಬುದನ್ನೂ ರೈತರು ತಿಳಿದಿರಬೇಕು.

ಅಂಗಡಿಗೆ ಹೋಗುವ ಮೊದಲು ಮೂರು ಅಳತೆ

ಮೊದಲನೆಯದು ನೀರಿನ ಪ್ರಮಾಣ. ತೊಟ್ಟಿಯ ಉದ್ದ, ಅಗಲ, ನೀರಿನ ಆಳಗಳನ್ನು ಮೀಟರಿನಲ್ಲಿ ಅಳೆದು ಗುಣಿಸಿ, ಸಾವಿರದಿಂದ ಗುಣಿಸಿದರೆ ಲೀಟರು ಸಿಗುತ್ತದೆ. ಒತ್ತಾಗಿ ಮೀನು ಬಿಟ್ಟ ತೊಟ್ಟಿಯಾದರೆ ಅಷ್ಟೂ ನೀರು ಗಂಟೆಗೊಮ್ಮೆ ಫಿಲ್ಟರಿನ ಮೂಲಕ ಹಾದುಹೋಗುವುದು ಒಳ್ಳೆಯದು. ಮೀನು ವಿರಳವಾಗಿದ್ದರೆ ಎರಡು ಗಂಟೆಗೊಮ್ಮೆ ಸಾಕು.

ಎರಡನೆಯದು ಎತ್ತರ. ತೊಟ್ಟಿಯ ನೀರಿನ ಮಟ್ಟದಿಂದ ಫಿಲ್ಟರಿಗೆ ನೀರು ಬೀಳುವ ಬಾಯಿಯವರೆಗೆ ಅಳೆಯಬೇಕು. ಪಂಪನ್ನು ತೊಟ್ಟಿಯ ತಳದಲ್ಲಿಟ್ಟರೂ ಅಳೆಯಬೇಕಾದುದು ನೀರಿನ ಮೇಲ್ಮಟ್ಟದಿಂದಲೇ. ಈ ಎತ್ತರವನ್ನು ಕಡಿಮೆ ಮಾಡಿದಷ್ಟೂ ಲಾಭ. ಎರಡು ಮೀಟರಿನ ಬದಲು ಒಂದು ಮೀಟರು ಸಾಕಾಗುವಂತೆ ಕಟ್ಟೆ ಕಟ್ಟಿದರೆ ವಿದ್ಯುತ್ ಖರ್ಚು ಅರ್ಧಕ್ಕೆ ಇಳಿಯುತ್ತದೆ. ಲಕ್ಕವಳ್ಳಿಯ ಅಣೆಕಟ್ಟಿನಿಂದ ಹೊರಟ ಭದ್ರಾ ನಾಲೆಯ ನೀರು ಇಳಿಜಾರನ್ನೇ ನಂಬಿ ಊರೂರಿನ ಗದ್ದೆಗೆ ಹರಿದು ಬರುವುದನ್ನು ನಾವು ದಿನವೂ ನೋಡುತ್ತೇವೆ. ಒಮ್ಮೆ ಮಾತ್ರ ಎತ್ತಿ, ಉಳಿದ ಹಾದಿಯನ್ನು ಇಳಿಜಾರಿಗೆ ಬಿಡುವುದು ಜಾಣತನ.

ಮೂರನೆಯದು ಪೈಪು. ಇದನ್ನು ಅಳೆಯುವವರೇ ಇಲ್ಲ. ಸಣ್ಣ ಪೈಪಿನಲ್ಲಿ ಹೆಚ್ಚು ನೀರು ದೂಡಿದರೆ ಘರ್ಷಣೆಯೇ ಎತ್ತರದಂತೆ ಕೆಲಸ ಮಾಡುತ್ತದೆ. ಗಂಟೆಗೆ 10,000 ಲೀಟರು ನೀರು 32 ಮಿ.ಮೀ. ಒಳವ್ಯಾಸದ ಪಿ.ವಿ.ಸಿ. ಪೈಪಿನಲ್ಲಿ 10 ಮೀಟರು ಹೋಗಬೇಕಾದರೆ ಸುಮಾರು ಮೂರೂವರೆ ಮೀಟರು ಎತ್ತರಕ್ಕೆ ಏರಿದಷ್ಟು ಶ್ರಮವಾಗುತ್ತದೆ. ಅದೇ ನೀರು 58 ಮಿ.ಮೀ. ಒಳವ್ಯಾಸದ ಪೈಪಿನಲ್ಲಿ ಹೋದರೆ ಆ ಶ್ರಮ 20 ಸೆಂಟಿಮೀಟರಿಗೆ ಇಳಿಯುತ್ತದೆ. ಪೈಪಿನಲ್ಲಿ ಉಳಿಸಿದ ನಾಲ್ಕು ಕಾಸನ್ನು ಪಂಪು ಜನ್ಮವಿಡೀ ಬಡ್ಡಿಸಹಿತ ವಸೂಲು ಮಾಡುತ್ತದೆ. ಬೆಂಡುಗಳೂ ಅಷ್ಟೇ, ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು.

ಪೆಟ್ಟಿಗೆಯ ಮೇಲಿನ ಎರಡು ಅಂಕಿ

ಚಿಕ್ಕ ಪಂಪುಗಳ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಎರಡು ಅಂಕಿ ಅಚ್ಚು ಮಾಡಿರುತ್ತಾರೆ. ಗರಿಷ್ಠ ನೀರು ಇಂತಿಷ್ಟು, ಗರಿಷ್ಠ ಎತ್ತರ ಇಂತಿಷ್ಟು ಎಂದು. ಗಂಟೆಗೆ 10,000 ಲೀಟರು, ಎತ್ತರ 3 ಮೀಟರು ಎಂದು ಓದಿದವರು ಮೂರು ಮೀಟರು ಎತ್ತರಕ್ಕೆ ಹತ್ತು ಸಾವಿರ ಲೀಟರು ಬರುತ್ತದೆಂದೇ ನಂಬುತ್ತಾರೆ. ಅದು ಹಾಗಲ್ಲ. ಎತ್ತರವೇ ಇಲ್ಲದಾಗ ಹತ್ತು ಸಾವಿರ ಲೀಟರು, ಮೂರು ಮೀಟರು ತಲುಪಿದಾಗ ನೀರು ಸೊನ್ನೆ! ಎರಡೂ ಒಟ್ಟಿಗೆ ಎಂದಿಗೂ ಸಿಗುವುದಿಲ್ಲ. ನಡುವಿನ ಎತ್ತರಗಳಲ್ಲಿ ಎಷ್ಟು ನೀರು ಬರುತ್ತದೆಂಬುದನ್ನು ತೋರಿಸುವ ಗೆರೆಚಿತ್ರವೊಂದು ಇರುತ್ತದೆ. ಆ ಗೆರೆಯಲ್ಲಿ ನಮ್ಮ ಎತ್ತರ ಎಲ್ಲಿದೆಯೋ ಅಲ್ಲಿ ಬೆರಳಿಟ್ಟು ನೀರಿನ ಅಂಕಿ ಓದಬೇಕು. ಗೆರೆಚಿತ್ರ ತೋರಿಸಲಾರದವರ ಬಳಿ ಪಂಪು ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಮನೆಗೆ ತಂದ ಮೇಲೆ ಡ್ರಮ್ಮಿನ ಪರೀಕ್ಷೆ ಮಾಡಿ. ಫಿಲ್ಟರಿನ ಬಾಯಿಯ ಎತ್ತರದಲ್ಲೇ ನೀರನ್ನು ಹಿಡಿದು ಡ್ರಮ್ಮಿಗೆ ಬಿಡಬೇಕು. 200 ಲೀಟರು 72 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 10,000 ಲೀಟರು ಬರುತ್ತಿದೆ ಎಂದರ್ಥ. ತಿಂಗಳಿಗೊಮ್ಮೆ ಹೀಗೆ ನೋಡಿದರೆ ಪಂಪಿನ ಜಾಲರಿ ಕಟ್ಟಿಕೊಂಡಿದ್ದರೂ ಗೊತ್ತಾಗುತ್ತದೆ. 1923ರಿಂದ ಕಬ್ಬಿಣ ಎರಕ ಹೊಯ್ದ ಭದ್ರಾವತಿಯ ಸೀಮೆಯವರಿಗೆ ಅಳತೆಯ ಮಹತ್ವವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕಾರ್ಖಾನೆಯಲ್ಲಿ ಕೂದಲೆಳೆಯ ವ್ಯತ್ಯಾಸವನ್ನೂ ಒಪ್ಪದ ಕೈಗಳು ಮನೆಯ ಪಂಪನ್ನು ಕಣ್ಣಂದಾಜಿನಲ್ಲಿ ಕೊಳ್ಳುವುದು ಸರಿಯೇ?

ಮೂಗಿಗಿಂತ ಮೂಗುತಿ ಭಾರ

ಪಂಪಿನ ನಿಜವಾದ ಬೆಲೆ ಅಂಗಡಿಯಲ್ಲಿ ಕೊಡುವುದಲ್ಲ, ತಿಂಗಳು ತಿಂಗಳು ಮೆಸ್ಕಾಂಗೆ ಕಟ್ಟುವುದು. ಒಂದು ಎಚ್.ಪಿ. ಮೋಟಾರು ತನ್ನ ನಷ್ಟವೂ ಸೇರಿ ಸುಮಾರು ಒಂದು ಕಿಲೋವಾಟ್ ಎಳೆಯುತ್ತದೆ. ಇಪ್ಪತ್ನಾಲ್ಕು ಗಂಟೆಗೆ 24 ಯೂನಿಟ್, ತಿಂಗಳಿಗೆ 720 ಯೂನಿಟ್. ಸರಿಯಾಗಿ ಆರಿಸಿದ ಚಿಕ್ಕ ಪಂಪುಗಳು ಒಟ್ಟು 180 ವಾಟ್ ಎಳೆದರೂ ತಿಂಗಳಿಗೆ 130 ಯೂನಿಟ್. ಯೂನಿಟ್ಟಿಗೆ ಏಳು ರೂಪಾಯಿಯಂತೆ ಲೆಕ್ಕ ಹಾಕಿದರೆ ಮೊದಲನೆಯದಕ್ಕೆ 5,040 ರೂಪಾಯಿ, ಎರಡನೆಯದಕ್ಕೆ 910 ರೂಪಾಯಿ. ವರ್ಷಕ್ಕೆ ಸುಮಾರು ಐವತ್ತು ಸಾವಿರ ರೂಪಾಯಿಯ ಅಂತರ. ನಿಮ್ಮ ಬಿಲ್ಲಿನಲ್ಲಿರುವ ದರವನ್ನು ಹಾಕಿ ನೀವೇ ಲೆಕ್ಕ ಮಾಡಿ ನೋಡಿ. ಹಿತ್ತಲ ತೊಟ್ಟಿಯ ಲಾಭವನ್ನೆಲ್ಲ ಈ ಅಂತರವೇ ನುಂಗಿಬಿಡಬಹುದು.

ಇಲ್ಲಿ ನಮ್ಮ ಹಳೆಯ ಅಭ್ಯಾಸವೊಂದನ್ನು ಒಪ್ಪಿಕೊಳ್ಳಬೇಕು. ಕರ್ನಾಟಕದಲ್ಲಿ 10 ಎಚ್.ಪಿ.ವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ 2008ರಿಂದ ವಿದ್ಯುತ್ ಉಚಿತ. ಅದರಿಂದ ಅನೇಕ ಬಡ ರೈತರು ಉಳಿದರು ಎಂಬುದು ನಿಜ. ಆದರೆ ಬಿಲ್ಲು ಬಾರದ ಕಾರಣ ವಾಟ್ ಎಂಬ ಮಾತನ್ನೇ ನಾವು ಮರೆತೆವು, ದೊಡ್ಡ ಪಂಪೇ ಒಳ್ಳೆಯ ಪಂಪು ಎಂದುಕೊಂಡೆವು. ತೊಟ್ಟಿಯ ಪಂಪಿಗೆ ಆ ಲೆಕ್ಕ ನಡೆಯುವುದಿಲ್ಲ. ನೀರಾವರಿಗೆ ಮೂರು ಫೇಸ್ ವಿದ್ಯುತ್ತು ಬರುವುದು ದಿನದ ಕೆಲವೇ ಗಂಟೆ. ಮೀನಿಗೆ ಬೇಕಾದುದು ಇಪ್ಪತ್ನಾಲ್ಕು ಗಂಟೆ. ಆದ್ದರಿಂದ ತೋಟದ ಲೈನಿಗೆ ತೊಟ್ಟಿಯ ಪಂಪನ್ನು ಜೋಡಿಸುವ ಯೋಚನೆಯನ್ನೇ ಬಿಡಬೇಕು. ತೊಟ್ಟಿಯ ಪಂಪಿಗೆ ಯಾವ ದರ ಅನ್ವಯಿಸುತ್ತದೆಂದು ಕಛೇರಿಯಲ್ಲಿ ಮೊದಲೇ ಕೇಳಿ ತಿಳಿಯುವುದು ಕ್ಷೇಮ.

ಫಿಲ್ಟರಿನೊಳಗೂ ಜೀವವಿದೆ

ಫಿಲ್ಟರು ಕೇವಲ ಕಸ ಹಿಡಿಯುವ ಜರಡಿಯಲ್ಲ. ಗದ್ದೆಗೆ ಯೂರಿಯಾ ಹಾಕಿದಾಗ ಅದು ಅಮೋನಿಯವಾಗಿ, ಮಣ್ಣಿನ ಸೂಕ್ಷ್ಮಜೀವಿಗಳ ದೆಸೆಯಿಂದ ನೈಟ್ರೈಟ್ ಆಗಿ, ಕೊನೆಗೆ ನೈಟ್ರೇಟ್ ಆಗುವುದನ್ನು ಓದುಗರು ಬಲ್ಲರು. ಮೀನಿನ ತೊಟ್ಟಿಯಲ್ಲಿ ನಡೆಯುವುದೂ ಅದೇ. ಮೀನು ತನ್ನ ಕಿವಿರಿನ ಮೂಲಕ ಅಮೋನಿಯವನ್ನು ಹೊರಬಿಡುತ್ತದೆ. ಅಮೋನಿಯ, ನೈಟ್ರೈಟ್ ಎರಡೂ ಮೀನಿಗೆ ವಿಷ. ಫಿಲ್ಟರಿನ ಜಲ್ಲಿಗೆ, ಬಲೆಗೆ ಅಂಟಿ ಬೆಳೆಯುವ ಸೂಕ್ಷ್ಮಜೀವಿಗಳು ಅವುಗಳನ್ನು ಅಷ್ಟಾಗಿ ಹಾನಿ ಮಾಡದ ನೈಟ್ರೇಟಾಗಿ ಬದಲಿಸುತ್ತವೆ. ಹೊಸ ಫಿಲ್ಟರಿನಲ್ಲಿ ಇವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನನ್ನು ಒತ್ತಾಗಿ ಬಿಡಬಾರದು. ಕ್ಲೋರಿನ್ ಹಾಕಿದ ನಗರದ ನಲ್ಲಿ ನೀರನ್ನು ನೇರವಾಗಿ ಬಿಟ್ಟರೆ ಮೀನಿಗೂ ಕೇಡು, ಈ ಜೀವಿಗಳಿಗೂ ಕೇಡು. ಬೇರೆ ತೊಟ್ಟಿಯಲ್ಲಿ ಗಾಳಿಯಾಡುವಂತೆ ಒಂದೆರಡು ದಿನ ನಿಲ್ಲಿಸಿ ಬಳಸಬೇಕು.

ಈ ಜೀವಿಗಳಿಗೂ ಉಸಿರು ಬೇಕು. ಅದು ಹರಿಯುವ ನೀರಿನಿಂದಲೇ ಸಿಗುತ್ತದೆ. ಪಂಪು ಕೆಲವು ಗಂಟೆ ನಿಂತರೆ ಫಿಲ್ಟರಿನಲ್ಲಿ ನಿಂತ ನೀರು ಕೊಳೆಯತೊಡಗುತ್ತದೆ. ಬಹಳ ಹೊತ್ತು ನಿಂತ ಪಂಪನ್ನು ಮತ್ತೆ ಓಡಿಸುವಾಗ ಫಿಲ್ಟರಿನ ಮೊದಲ ನೀರನ್ನು ಹೊರಗೆ ಚೆಲ್ಲಿ, ಅನಂತರ ತೊಟ್ಟಿಗೆ ಬಿಡಬೇಕು. ಇಲ್ಲವಾದರೆ ಕತ್ತಲೆಯಲ್ಲಿ ಬದುಕುಳಿದ ಮೀನು ಬೆಳಕು ಬಂದ ಮೇಲೆ ಸಾಯುತ್ತದೆ.

ಒಂದರ ಬದಲು ಎರಡು

ನಮ್ಮ ಹವೆಯಲ್ಲಿ ನೀರು ತನ್ನಲ್ಲಿ ಹಿಡಿದಿಡಬಲ್ಲ ಆಮ್ಲಜನಕ ಲೀಟರಿಗೆ ಹೆಚ್ಚೆಂದರೆ ಎಂಟು ಮಿಲಿಗ್ರಾಂ. ಮೀನು ಚೆನ್ನಾಗಿ ಬೆಳೆಯಲು ಐದಾದರೂ ಬೇಕು. ಒತ್ತಾಗಿ ಮೀನಿರುವ ತೊಟ್ಟಿಯಲ್ಲಿ ಪಂಪು ನಿಂತರೆ ಈ ಅಂತರ ಕರಗಲು ಒಂದು ರಾತ್ರಿ ಸಾಲದೆ ಹೋಗದು. ಮಲೆನಾಡಿನ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬೀಳುವುದು, ಕರೆಂಟು ಹೋಗುವುದು ಹೊಸದೇನಲ್ಲ. ಹೀಗಿರುವಾಗ ಒಂದೇ ಪಂಪನ್ನು ನಂಬಿ ಮಲಗುವುದು ದಡ್ಡತನ.

ಆದುದರಿಂದ ಗಂಟೆಗೆ 10,000 ಲೀಟರಿನ ಒಂದು ಪಂಪಿನ ಬದಲು 5,000 ಲೀಟರಿನ ಎರಡು ಪಂಪು ಕೊಳ್ಳಿ. ಒಂದು ಕೆಟ್ಟರೆ ಇನ್ನೊಂದು ಅರ್ಧ ಕೆಲಸ ನಡೆಸುತ್ತಿರುತ್ತದೆ. ಒಂದನ್ನು ತೊಳೆಯುವಾಗ ಇನ್ನೊಂದು ಓಡುತ್ತಿರುತ್ತದೆ. ಇದರ ಜೊತೆಗೆ ಬ್ಯಾಟರಿಯಿಂದ ಓಡುವ 40 ವಾಟಿನ ಗಾಳಿ ಪಂಪೊಂದು ಇರಲಿ. ಎಂಟು ಗಂಟೆ ಓಡಿದರೆ ಅದು ಬಳಸುವುದು ಮೂರನೇ ಒಂದು ಯೂನಿಟ್ ಮಾತ್ರ. ಸುಸ್ಥಿತಿಯಲ್ಲಿರುವ 12 ವೋಲ್ಟಿನ, 100 ಆಂಪಿಯರ್-ಗಂಟೆಯ ಬ್ಯಾಟರಿ ಅರ್ಧ ಖಾಲಿಯಾಗುವ ಮೊದಲೇ ಬೆಳಗಾಗಿರುತ್ತದೆ. ನೀರು ಎತ್ತುವುದಕ್ಕಿಂತ ಗಾಳಿ ಊದುವುದು ಅಗ್ಗ, ಮತ್ತು ಆಪತ್ತಿನಲ್ಲಿ ಮೀನಿಗೆ ಮೊದಲು ಬೇಕಾದುದು ಗಾಳಿಯೇ.

ಯಾವ ಬಗೆಯ ಪಂಪು?

ನೀರಿನೊಳಗೇ ಮುಳುಗಿರುವ ಚಿಕ್ಕ ಪಂಪುಗಳೇ ಹಿತ್ತಲ ತೊಟ್ಟಿಗೆ ಮೇಲು. ಫುಟ್‌ವಾಲ್ವು ಬೇಡ, ನೀರು ಹೊಯ್ದು ಹಿಡಿಸುವ ಗೋಜಿಲ್ಲ. ಕರೆಂಟು ಬಂದೊಡನೆ ತಾನಾಗಿ ನೀರೆತ್ತುತ್ತದೆ. ನನ್ನ ಮೀನುಗಳನ್ನು ಕೊಂದದ್ದು ಸೋರಿದ ಫುಟ್‌ವಾಲ್ವು ಎಂಬುದನ್ನು ಮರೆಯಬೇಡಿ. ಆದರೆ ಒಳಗೆ ಎಣ್ಣೆ ತುಂಬಿದ ಪಂಪನ್ನು ಮೀನಿನ ನೀರಿಗೆ ಇಳಿಸಬಾರದು. ಸೀಲು ಹೋದ ದಿನ ಎಣ್ಣೆ ನೀರಿಗೆ ಸೇರುತ್ತದೆ. ತಾಮ್ರ, ಹಿತ್ತಾಳೆಯ ಭಾಗಗಳು ನೀರಿಗೆ ತಗಲದಿರಲಿ. ಮೆದು ನೀರಿನಲ್ಲಿ ತಾಮ್ರ ಬೇಗ ವಿಷವಾಗುತ್ತದೆ. ಪಂಪಿನ ಬಾಯಿಗೆ ಮರಿ ನುಗ್ಗದಂಥ ಜಾಲರಿ ಕಟ್ಟಿ. ಎಲ್ಲಕ್ಕಿಂತ ಮುಖ್ಯವಾಗಿ, ಅರ್ಥಿಂಗ್ ಸರಿಯಾಗಿರಬೇಕು ಮತ್ತು 30 ಮಿಲಿ ಆಂಪಿಯರಿಗೆ ಬಿಡುವ ಆರ್.ಸಿ.ಸಿ.ಬಿ. ಸ್ವಿಚ್ಚು ಇರಲೇಬೇಕು. ತೊಟ್ಟಿಗೆ ಕೈ ಹಾಕುವ ಮೊದಲು ಸ್ವಿಚ್ಚು ತೆಗೆಯುವುದನ್ನು ಮನೆಯ ಮಕ್ಕಳಿಗೂ ಕಲಿಸಿ. ಮೀನು ಹೋದರೆ ಮತ್ತೆ ತರಬಹುದು.

ಪೇಟೆಯ ಕೆಲವು ಮನೆಗಳಲ್ಲಿ ಗಾಜಿನ ತೊಟ್ಟಿಯೊಳಗೆ ಸಮುದ್ರದ ನೀರಿನಂತೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಬೆರೆಸಿ ಹವಳ ಬೆಳೆಸುವ ಹವ್ಯಾಸವೂ ಉಂಟು. ಅಲ್ಲಿಯೂ ಪಂಪಿನ ಲೆಕ್ಕ ಇದೇ. ಕೆಳಗಿನ ಫಿಲ್ಟರ್ ತೊಟ್ಟಿಯಿಂದ ಮೇಲಿನ ಗಾಜಿನ ತೊಟ್ಟಿಗೆ ಎಷ್ಟು ಎತ್ತರ, ಆ ಎತ್ತರದಲ್ಲಿ ಎಷ್ಟು ನೀರು ಎಂಬುದೇ ಪ್ರಶ್ನೆ. ಆದರೆ ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತದೆ, ತಾಮ್ರದ ಸೋಂಕೂ ಹವಳವನ್ನು ಕೊಲ್ಲುತ್ತದೆ. ಪ್ಲಾಸ್ಟಿಕ್ ಮೈಯ, ಪಿಂಗಾಣಿ ದಂಡದ ಪಂಪೇ ಆಗಬೇಕು. ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರಿಗೆ ಅದರ ತಯಾರಕರು ಹೇಳಿದ ಪಂಪನ್ನೇ ಹಾಕಬೇಕು. ರೈತನಿಗೆ ಇದು ಕಸುಬಲ್ಲ, ಹಣವುಳ್ಳವರ ಹವ್ಯಾಸ. ನಮ್ಮ ನೇತ್ರಾಣಿ ದ್ವೀಪದ ಸುತ್ತಿನ ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಅದನ್ನು ಕಿತ್ತು ತರುವುದು ಅಪರಾಧ ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ದೊಡ್ಡದಿದ್ದರೆ ತಪ್ಪೇನು?

"ದೊಡ್ಡ ಪಂಪು ತಂದು ವಾಲ್ವು ತಿರುವಿ ನೀರು ಕಡಿಮೆ ಮಾಡಿಕೊಂಡರಾಯಿತಲ್ಲ, ಮುಂದೆ ತೊಟ್ಟಿ ದೊಡ್ಡದು ಮಾಡಿದಾಗಲೂ ಬರುತ್ತದೆ" ಎಂದು ವಾದಿಸುವವರಿದ್ದಾರೆ. ಮೇಲ್ನೋಟಕ್ಕೆ ಇದು ಸರಿಯೆಂದೇ ಕಾಣುತ್ತದೆ. ಆದರೆ ವಾಲ್ವು ತಿರುವಿ ನೀರು ತಡೆಯುವುದೆಂದರೆ ಗಾಡಿಯ ಚಕ್ರಕ್ಕೆ ಕಲ್ಲು ಕೊಟ್ಟು ಎತ್ತಿಗೆ ಚಾಟಿ ಬೀಸಿದಂತೆ. ನೀರು ಕಡಿಮೆಯಾಗುತ್ತದೆ, ಕರೆಂಟು ಅದೇ ಪ್ರಮಾಣದಲ್ಲಿ ಕಡಿಮೆಯಾಗುವುದಿಲ್ಲ. ಇನ್ನು ನಾಳೆಯ ತೊಟ್ಟಿಗಾಗಿ ಇಂದೇ ಬಿಲ್ಲು ಕಟ್ಟುವುದೇಕೆ? ತೊಟ್ಟಿ ದೊಡ್ಡದಾದ ದಿನ ಮೂರನೆಯ ಚಿಕ್ಕ ಪಂಪು ತಂದರಾಯಿತು. "ಚಿಕ್ಕ ಪಂಪು ಬಾಳಿಕೆ ಬರುವುದಿಲ್ಲ" ಎಂಬ ಆಕ್ಷೇಪದಲ್ಲಿ ಸತ್ಯವಿದೆ. ಸುಟ್ಟರೆ ಅವನ್ನು ಬಿಚ್ಚಿ ವೈಂಡಿಂಗ್ ಮಾಡುವವರು ಊರಲ್ಲಿ ವಿರಳ. ಆದರೆ ಮೇಲಿನ ಲೆಕ್ಕದಲ್ಲಿ ಉಳಿಯುವ ಹಣದಲ್ಲಿ ಬದಲಿ ಪಂಪೊಂದನ್ನು ಕೊಂಡಿಟ್ಟರೂ ರೈತನಿಗೆ ನಷ್ಟವಿಲ್ಲ.

ಇದು ರೈತನೊಬ್ಬನ ಹೊಣೆಯಲ್ಲ

ಅಳೆಯಬೇಕಾದವನು ರೈತನೆಂಬುದು ನಿಜ. ಹಾಗೆಂದು ಉಳಿದವರು ಕೈಕಟ್ಟಿ ಕೂರಬಾರದು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲ ಅಲಂಕಾರಿಕ ಮೀನು ಘಟಕಗಳಿಗೂ, ನೀರನ್ನು ಸೋಸಿ ಮರುಬಳಸುವ ಚಿಕ್ಕ ಘಟಕಗಳಿಗೂ ಸಹಾಯಧನ ಇಡಲಾಯಿತು. ಘಟಕದ ವೆಚ್ಚದಲ್ಲಿ ಸಾಮಾನ್ಯ ವರ್ಗದವರಿಗೆ ನೂರಕ್ಕೆ 40, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ನೂರಕ್ಕೆ 60. ಇದು ಒಳ್ಳೆಯ ಯೋಜನೆಯೇ. ಆದರೆ ಸಹಾಯಧನವು ತೊಟ್ಟಿ ಕಟ್ಟಲು ನೆರವಾಗುತ್ತದೆ, ತಿಂಗಳ ಬಿಲ್ಲು ಕಟ್ಟಲು ಬರುವುದಿಲ್ಲ. ಯಾವುದೇ ಯೋಜನೆಯ ಅಂದಾಜು ಪಟ್ಟಿಯಲ್ಲಿ "ಪಂಪು, ಒಂದು" ಎಂದು ಬರೆದು ಬಿಡುವ ಬದಲು, ಇಷ್ಟು ಎತ್ತರಕ್ಕೆ ಗಂಟೆಗೆ ಇಷ್ಟು ಲೀಟರು ಕೊಡುವ, ಇಷ್ಟು ವಾಟ್ ಮೀರದ ಪಂಪುಗಳು ಎರಡು, ಬ್ಯಾಟರಿ ಗಾಳಿ ಪಂಪು ಒಂದು ಎಂದು ಬರೆಯಬೇಕು. ಆಪತ್ಕಾಲದ ಏರ್ಪಾಟಿಲ್ಲದ ಘಟಕವನ್ನು ಪೂರ್ಣಗೊಂಡ ಘಟಕವೆಂದು ಎಣಿಸಲೇಬಾರದು.

ಪಂಪು ಮಾರುವವರೂ ಒಂದು ಕೆಲಸ ಮಾಡಬಹುದು. ಬಿ.ಎಚ್. ರಸ್ತೆಯುದ್ದಕ್ಕೂ ಎಷ್ಟೋ ಅಂಗಡಿಗಳಿವೆ. ಗಿರಾಕಿ ಬಂದಾಗ "ಎಷ್ಟು ಎತ್ತರ, ಎಷ್ಟು ನೀರು, ಎಷ್ಟು ಹೊತ್ತು?" ಎಂಬ ಮೂರು ಪ್ರಶ್ನೆ ಕೇಳುವ ಅಂಗಡಿಗೆ ಗಿರಾಕಿ ಮತ್ತೆ ಬರುತ್ತಾನೆ, ನೆರೆಯವನನ್ನೂ ಕರೆತರುತ್ತಾನೆ. ನಮ್ಮ ವಿಸ್ತರಣಾ ಕಾರ್ಯಕರ್ತರು ಭತ್ತದ ತಳಿ, ಗೊಬ್ಬರದ ಪ್ರಮಾಣಗಳನ್ನು ಹೇಳಿಕೊಟ್ಟಷ್ಟೇ ಶ್ರದ್ಧೆಯಿಂದ ಪಂಪಿನ ಗೆರೆಚಿತ್ರ ಓದುವುದನ್ನೂ ರೈತರಿಗೆ ಕಲಿಸಬೇಕು. ಮೀನಿನ ಬಗೆಗೆ ಸಂದೇಹವಿದ್ದವರಿಗೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಛೇರಿ ಇದೆ. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ಇದೆ. ಕೇಳಲು ನಾಚಿಕೆ ಪಡಬೇಕಾಗಿಲ್ಲ. ಕೇಳದೆ ಕೊಂಡು, ಸತ್ತ ಮೀನನ್ನು ತೆಂಗಿನ ಬುಡಕ್ಕೆ ಹೂಳುವಾಗ ಆಗುವ ನಾಚಿಕೆ ಅದಕ್ಕಿಂತ ದೊಡ್ಡದು. ಅದನ್ನು ನಾನು ಅನುಭವಿಸಿದ್ದೇನೆ.

ಈಗ ನನ್ನ ತೊಟ್ಟಿಯಲ್ಲಿ ಎರಡು ಚಿಕ್ಕ ಪಂಪುಗಳು ಓಡುತ್ತಿವೆ. ಹಳೆಯ ಮೋನೋಬ್ಲಾಕಿಗೆ ಹೊಸ ಸೀಲು ಹಾಕಿಸಿ, ಬಾವಿಯ ನೀರನ್ನು ಮನೆಯ ಮೇಲಿನ ಟ್ಯಾಂಕಿಗೆ ಏರಿಸಲು ಇಟ್ಟಿದ್ದೇನೆ. ಅಲ್ಲಿ ಅದು ಒಂದು ದೂರೂ ಇಲ್ಲದೆ ದುಡಿಯುತ್ತಿದೆ. ಅದರ ಕೆಲಸ ಅದಕ್ಕೆ ಸಿಕ್ಕಿತು, ಮೀನಿಗೆ ಉಸಿರು ಸಿಕ್ಕಿತು. ರೈತ ಬಾಂಧವರು ಮುಂದಿನ ಸಲ ಪಂಪಿನ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಹಣದ ಜೊತೆಗೆ ಒಂದು ಚೀಟಿಯೂ ಇರಲಿ. ಅದರ ಮೇಲೆ ಮೂರೇ ಅಂಕಿ: ಗಂಟೆಗೆ ಬೇಕಾದ ನೀರು, ಎತ್ತಬೇಕಾದ ಎತ್ತರ, ಪೈಪಿನ ಉದ್ದ ಮತ್ತು ವ್ಯಾಸ. ಎಚ್.ಪಿ. ಎಷ್ಟೆಂಬುದನ್ನು ಆ ಚೀಟಿಯೇ ಹೇಳುತ್ತದೆ.